ಅಮೆರಿಕದ ಹಳೆಯ ತಾಮ್ರದ ಸೆಂಟ್: ಇಸವಿಗಿಂತ ಮೊದಲು ಅಚ್ಚು ನೋಡಿ

ಮಾನ್ಯರೇ,

ಅಮೆರಿಕದ ಸೆಂಟ್ ನಿಂತುಹೋದ ಸುದ್ದಿಯ ಜೊತೆಗೆ ಬರುವ ಟಿಪ್ಪಣಿಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ‘1793ರಿಂದ ಬಳಕೆಯಲ್ಲಿದ್ದ ನಾಣ್ಯ’ ಎಂದು ಬರೆದು ಪಕ್ಕದಲ್ಲಿ ಲಿಂಕನ್ ಮುಖ ಹಾಕುತ್ತಾರೆ. ಲಿಂಕನ್ ಹುಟ್ಟಿದ್ದೇ 1809ರಲ್ಲಿ. ಆತನ ಮುಖ ಸೆಂಟಿನ ಮೇಲೆ ಬಂದದ್ದು ಅದಾಗಿ ನೂರು ವರ್ಷಕ್ಕೆ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು ಕೊನೆಯದಾಗಿ ಒತ್ತಿದ್ದು ತಾಮ್ರದ ಲೇಪವಿರುವ ಸತುವಿನ ಬಿಲ್ಲೆ: 19 ಮಿ.ಮೀ. ಅಗಲ, 2.5 ಗ್ರಾಂ ತೂಕ. 1793ರ ಸೆಂಟ್ ಇಡಿಯಾಗಿ ತಾಮ್ರ, 13.48 ಗ್ರಾಂ, ಹೆಚ್ಚುಕಡಿಮೆ 27 ಮಿ.ಮೀ. ಅದರಲ್ಲಿದ್ದದ್ದು ಲಿಬರ್ಟಿ ಎಂಬ ಹೆಣ್ಣಿನ ಮುಖವೇ ಹೊರತು ಯಾವ ಅಧ್ಯಕ್ಷರದೂ ಅಲ್ಲ. 1857ರ ಫೆಬ್ರುವರಿ 21ರ ಕಾಯ್ದೆ ಈ ದೊಡ್ಡ ಸೆಂಟನ್ನೂ ಅದರ ತಮ್ಮನಂತಿದ್ದ ಅರ್ಧ ಸೆಂಟನ್ನೂ ಒಟ್ಟಿಗೇ ನಿಲ್ಲಿಸಿತು. ಸಂಗ್ರಾಹಕರು ‘ಅರ್ಲಿ ಕಾಪರ್’ ಎಂದಾಗ ಮುಖ್ಯವಾಗಿ ಹೇಳುವುದು ಈ ಅವಧಿಯ ಸರಕನ್ನು.

ಚಿತ್ರದ ತಪ್ಪನ್ನಷ್ಟೇ ತಿದ್ದುವುದಾದರೆ ಎರಡು ಸಾಲು ಸಾಕಿತ್ತು. ಆದರೆ ಈ ಸುದ್ದಿಯ ಬೆನ್ನಿಗೇ ನಮ್ಮಲ್ಲೂ ಹಳೆಯ ಸೆಂಟ್ ಕೊಳ್ಳುವ ಹುರುಪು ಎದ್ದಿದೆ. ಹರಾಜಿನ ತಾಣಗಳಲ್ಲಿ ಕೊಳ್ಳುವವರಿದ್ದಾರೆ, ಅಮೆರಿಕದಲ್ಲಿರುವ ಮಕ್ಕಳ ಕೈಲಿ ತರಿಸಿಕೊಳ್ಳುವವರಿದ್ದಾರೆ. ಬಹಳ ಜನ ಮೊದಲು ನೋಡುವುದು ಇಸವಿ, ಆಮೇಲೆ ಬೆಲೆ. ನೋಡಬೇಕಾದ್ದು ಅಚ್ಚು, ಅಂದರೆ ತಾಮ್ರದ ಮೇಲೆ ಚಿತ್ರ ಮೂಡಿಸುವ ಉಕ್ಕಿನ ಮುದ್ರೆ. ಯಾಕೆಂದರೆ ಈ ನಾಣ್ಯಗಳ ಅಚ್ಚುಗಳು ಒಂದೊಂದೂ ಕೈಯಿಂದ ಮುಗಿಸಿದವು; ಅಸಲಿ–ನಕಲಿ, ಅಪರೂಪ–ಸಾಮಾನ್ಯ, ಕೆತ್ತಿದವನು ಯಾರು ಎಂಬ ಎಲ್ಲದಕ್ಕೂ ಉತ್ತರ ಅಲ್ಲೇ ಇದೆ.

‘ವಿನ್ಯಾಸಕ ಯಾರು’ ಎಂದು ಕೇಳಿದರೆ ಕ್ಯಾಟಲಾಗುಗಳು ಒಂದು ಹೆಸರು ಕೊಟ್ಟು ಮುಗಿಸುತ್ತವೆ. ಅದನ್ನು ಪೂರ್ತಿ ನಂಬಬಾರದು. ಚಿತ್ರ ಬರೆಯುವುದು ಒಬ್ಬನ ಕೆಲಸ. ಆ ಮುಖವನ್ನು ಉಕ್ಕಿನಲ್ಲಿ ಉಬ್ಬಾಗಿ ಕೆತ್ತುವುದು ಇನ್ನೊಬ್ಬನ ಕೆಲಸ. ಆ ಉಬ್ಬನ್ನು ಮೆತ್ತಗಿನ ಉಕ್ಕಿಗೆ ಒತ್ತಿ, ಸುತ್ತ ಅಕ್ಷರ, ಇಸವಿ, ಎಲೆ, ಹಣ್ಣುಗಳನ್ನು ಒಂದೊಂದಾಗಿ ಬಡಿದು, ಉಕ್ಕನ್ನು ಹದಗೊಳಿಸಿ ಅಚ್ಚು ಮುಗಿಸುವುದು ಮೂರನೆಯ ಕೆಲಸ. 1796ರ ‘ಡ್ರೇಪ್ಡ್ ಬಸ್ಟ್’ ಸೆಂಟನ್ನೇ ನೋಡಿ. ಮುಖದ ಚಿತ್ರ ಹೆಸರಾಂತ ಚಿತ್ರಕಾರ ಗಿಲ್ಬರ್ಟ್ ಸ್ಟುವರ್ಟನದು ಎನ್ನುತ್ತಾರೆ. ಅಚ್ಚಿನ ಹೊಣೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ರಾಬರ್ಟ್ ಸ್ಕಾಟ್‌ನದು. ಅದೇ ವರ್ಷದ ಒಂದು ಅಚ್ಚಿನಲ್ಲಿ ‘ಲಿಬರ್ಟಿ’ ಪದದ ‘ಬಿ’ ಅಕ್ಷರದ ಜಾಗದಲ್ಲಿ ‘ಎಚ್’ನಂತೆ ಕಾಣುವ ಗುರುತು ಬಿದ್ದಿದೆಯಲ್ಲ, ಅದು ಮೂರನೆಯ ಕೆಲಸದವನ ಅವಾಂತರ.

ತಾಮ್ರದ ಮೇಲೆ ಹೆಸರು ಬಿಟ್ಟುಹೋದ ಕೆತ್ತನೆಗಾರ ಎಂದರೆ 1792ರ ಮಾದರಿ ಸೆಂಟಿನ ಬರ್ಚ್. ಕತ್ತಿನ ಕೆಳಗೆ ಪುಟ್ಟದಾಗಿ ಹೆಸರು ಕೆತ್ತಿದ್ದಾನೆ. ಆ ನಾಣ್ಯ ಚಲಾವಣೆಗೇ ಬರಲಿಲ್ಲ. 1909ರಲ್ಲಿ ವಿಕ್ಟರ್ ಡೇವಿಡ್ ಬ್ರೆನರ್ ಲಿಂಕನ್ ಸೆಂಟಿನ ಹಿಂಬದಿಯಲ್ಲಿ ವಿ.ಡಿ.ಬಿ. ಎಂಬ ಮೂರು ಅಕ್ಷರ ಹಾಕಿದ್ದಕ್ಕೆ ಎಷ್ಟು ಗದ್ದಲವಾಯಿತೆಂದರೆ ಕೆಲವೇ ದಿನಗಳಲ್ಲಿ ಅದನ್ನು ತೆಗೆದರು. ಮರಳಿ ಸೇರಿಸಿದ್ದು 1918ರಲ್ಲಿ.

ಮೊದಲ ಸೆಂಟ್ 1793ರ ಮಾರ್ಚಿನದು. ಮುಖ್ಯ ಟಂಕಕಾರ ಹೆನ್ರಿ ವೋಯ್ಟ್ ಕೆತ್ತಿದ್ದೆಂದು ನಂಬಿಕೆ. ಆತ ಗಡಿಯಾರದ ಕಸುಬಿನವನು, ಮುಖ ಕೆತ್ತುವವನಲ್ಲ, ಅದು ನೋಡಿದರೇ ತಿಳಿಯುತ್ತದೆ. ಹಿಂಬದಿಯಲ್ಲಿ 15 ರಾಜ್ಯಗಳಿಗೆ 15 ಕೊಂಡಿಗಳ ಸರಪಳಿ. ಒಗ್ಗಟ್ಟಿನ ಗುರುತು ಎಂಬುದು ಉದ್ದೇಶ. 1787ರ ಫ್ಯೂಜಿಯೋ ಸೆಂಟಿನಲ್ಲಿ 13 ಬಳೆಗಳು ಒಂದಕ್ಕೊಂದು ಕೋದುಕೊಂಡಿದ್ದವು, ಅದರದೇ ಮುಂದುವರಿಕೆ. ಆದರೆ ಜನ ಕಂಡದ್ದು ಬೇಡಿಯನ್ನು. ಸರಪಳಿ ಸ್ವಾತಂತ್ರ್ಯಕ್ಕೆ ಅಪಶಕುನ, ಲಿಬರ್ಟಿಯ ಮುಖದಲ್ಲೇ ಗಾಬರಿ ಇದೆ ಎಂದು ಅಂದಿನ ಪತ್ರಿಕೆಯಲ್ಲಿ ದೂರು ಅಚ್ಚಾಯಿತು. (ವಾಚಕರ ವಾಣಿಗೆ ಆ ಕಾಲದಲ್ಲೂ ಬೆಲೆಯಿತ್ತು ಅನ್ನಿ.) 36,103 ನಾಣ್ಯ ಒತ್ತುವಷ್ಟರಲ್ಲಿ ಸರಪಳಿ ಹೋಗಿ ಎಲೆಬಳ್ಳಿಯ ಹಾರ ಬಂತು. ಈ ಹಾರದ ಸೆಂಟನ್ನು ಕೆಲವು ಪಟ್ಟಿಗಳು ವೋಯ್ಟ್‌ನ ಲೆಕ್ಕಕ್ಕೆ ಬರೆದರೆ ಕೆಲವು ಆಡಂ ಎಕ್‌ಫೆಲ್ಟ್‌ನ ಲೆಕ್ಕಕ್ಕೆ ಬರೆಯುತ್ತವೆ. ಸರಪಳಿ ಸೆಂಟಿನ ಮೊದಲ ಅಚ್ಚಿನಲ್ಲಿ ‘ಅಮೆರಿಕ’ ಪದ ಪೂರ್ತಿ ಇಲ್ಲ, ‘ಅಮೆರಿ’ಗೆ ಬಂದು ಚುಕ್ಕೆ ಬಿದ್ದಿದೆ. ಜಾಗ ಅಳೆಯದೆ ಅಕ್ಷರ ಬಡಿಯಲು ಕೂತರೆ ಹೀಗೇ.

ಅದೇ ವರ್ಷ ಬಂದ ಜೋಸೆಫ್ ರೈಟ್ ಮುಖ ಬರೆಯುವ ಕಲೆ ಗೊತ್ತಿದ್ದವನು. ಪ್ಯಾರಿಸ್ಸಿನ ಆಗಸ್ಟಿನ್ ಡ್ಯುಪ್ರೆ ಕೆತ್ತಿದ ಲಿಬರ್ಟಾಸ್ ಅಮೆರಿಕಾನಾ ಪದಕವನ್ನು ಮುಂದಿಟ್ಟುಕೊಂಡು, ಲಿಬರ್ಟಿಯನ್ನು ಬಲಕ್ಕೆ ತಿರುಗಿಸಿ, ಹಿಂದೆ ಕೋಲಿನ ಮೇಲೆ ಟೋಪಿ ಇಟ್ಟ. ಒತ್ತಿದ್ದು 11,056 ಮಾತ್ರ. ಆ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾಕ್ಕೆ ಬಡಿದ ಹಳದಿ ಜ್ವರದಲ್ಲಿ ರೈಟ್ ತೀರಿಕೊಂಡ. ನವೆಂಬರಿನಲ್ಲಿ ಸ್ಕಾಟ್ ನೇಮಕವಾಯಿತು. ಸ್ಕಾಟ್ ಕಾಗದಕ್ಕೆ ಅಚ್ಚು ಹಾಕುವ ತಾಮ್ರದ ಫಲಕ ಕೆತ್ತಿ ಪಳಗಿದವನು. ಗೆರೆ ಚೆನ್ನ, ಉಬ್ಬು ಸಪ್ಪೆ. 1794–95ರಲ್ಲಿ ಜಾನ್ ಸ್ಮಿತ್ ಗಾರ್ಡ್ನರ್ ಸಹಾಯಕನಾಗಿದ್ದ. 1807ರಲ್ಲಿ ಜರ್ಮನಿಯಿಂದ ಬಂದಿದ್ದ ಜಾನ್ ರೈಖ್ ಸೇರಿ 1808ರಿಂದ 1814ರ ‘ಕ್ಲಾಸಿಕ್ ಹೆಡ್’ ಕೊಟ್ಟ. 1816ರಿಂದ ದಪ್ಪ ಮುಖದ ‘ಮೇಟ್ರನ್ ಹೆಡ್’, 1839ರಿಂದ ಕ್ರಿಶ್ಚಿಯನ್ ಗೋಬ್ರೆಕ್ಟ್‌ನ ಜಡೆ ಕಟ್ಟಿದ ಲಿಬರ್ಟಿ. 1839ರ ಒಂದೇ ವರ್ಷದಲ್ಲಿ ಮುಖ ಹಲವು ಸಲ ಬದಲಾಗಿ, ಎರಡಕ್ಕೆ ‘ಸಿಲ್ಲಿ ಹೆಡ್’, ‘ಬೂಬಿ ಹೆಡ್’ ಎಂಬ ಅಡ್ಡಹೆಸರು ಗಟ್ಟಿಯಾಗಿ ಅಂಟಿಕೊಂಡಿವೆ.

ಇನ್ನು ಅಚ್ಚನ್ನು ಓದುವ ಕ್ರಮ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ. 7ರಿಂದ 10 ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ, ಒಂದೇ ಪಕ್ಕದಿಂದ ಬೀಳುವ ದೀಪ. ಮುಂಬದಿಯಲ್ಲಿ ಇಸವಿಯ ಕೊನೆಯ ಅಂಕಿ ಎದೆಯ ಗೆರೆಗೆ ತಾಗಿದೆಯೇ, ದೂರವಿದೆಯೇ, ‘ಲಿಬರ್ಟಿ’ಯ ಯಾವ ಅಕ್ಷರ ಕೂದಲಿನ ಯಾವ ಎಳೆಯ ಮೇಲೆ ಕೂತಿದೆ ಎಂದು ನೋಡಿ. ಹಿಂಬದಿಗೆ ಬಂದರೆ ಹಾರದ ಎಡಗಡೆ ಎಷ್ಟು ಹಣ್ಣು, ಬಲಗಡೆ ಎಷ್ಟು ಎಂದು ಎಣಿಸಿ. ಅದೊಂದರಿಂದಲೇ ಅರ್ಧಕ್ಕರ್ಧ ಅಚ್ಚುಗಳು ಜರಡಿಯಿಂದ ಬಿದ್ದುಹೋಗುತ್ತವೆ. ಆಮೇಲೆ ಯಾವ ಎಲೆಯ ತುದಿ ಯಾವ ಅಕ್ಷರದ ಕೆಳಗಿದೆ, ಕೆಳಗಿನ 1/100 ಎಂಬ ಭಿನ್ನರಾಶಿ ನಡುವಿಗಿದೆಯೇ ಸರಿದಿದೆಯೇ ಎಂಬುದು. ಬಿರುಕುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಬಿರುಕು ಅಚ್ಚಿನ ವಯಸ್ಸನ್ನು ಹೇಳುತ್ತದೆ, ಗುರುತನ್ನಲ್ಲ. ಹೊಸತರಲ್ಲಿ ಒತ್ತಿದ ನಾಣ್ಯದಲ್ಲಿ ಅದು ಇರುವುದೇ ಇಲ್ಲ. ಹೊಸಬರು ಎಡವುವುದು ಇಲ್ಲೇ: ಫೋಟೋದಲ್ಲಿರುವ ಬಿರುಕು ತಮ್ಮ ನಾಣ್ಯದಲ್ಲಿಲ್ಲ ಎಂದು ಸರಿಯಾದ ಅಚ್ಚನ್ನೇ ಕೈಬಿಡುತ್ತಾರೆ.

1793ರಿಂದ 1814ರ ಸೆಂಟ್‌ಗಳಿಗೆ ವಿಲಿಯಂ ಶೆಲ್ಡನ್ 1949ರಲ್ಲಿ ಕೊಟ್ಟ ಸಂಖ್ಯೆಗಳೇ ಇಂದಿಗೂ ನಡೆಯುತ್ತವೆ: ಎಸ್‌-1ರಿಂದ ಎಸ್‌-295. 1816ರ ನಂತರದವಕ್ಕೆ ನ್ಯೂಕಾಂಬ್ ಸಂಖ್ಯೆ, ಅರ್ಧ ಸೆಂಟಿಗೆ ಕೋಹೆನ್ ಸಂಖ್ಯೆ. ಎಲ್ಲಕ್ಕಿಂತ ರುಚಿಯಿರುವ ವರ್ಷ 1794. ಎಸ್‌-17ರಿಂದ ಎಸ್‌-72ರವರೆಗೆ ಆ ಒಂದೇ ವರ್ಷದ ಅಚ್ಚುಜೋಡಿಗಳು (ಮುಂಬದಿಗೊಂದು, ಹಿಂಬದಿಗೊಂದು ಅಚ್ಚು). ಫಿಲಡೆಲ್ಫಿಯಾದ ವೈದ್ಯ ಎಡ್ವರ್ಡ್ ಮ್ಯಾರಿಸ್ 1869ರಲ್ಲೇ ಇವುಗಳಿಗೆ ‘ವೀನಸ್ ಮರೀನಾ’, ‘ಡಬಲ್ ಚಿನ್’, ‘ಕೊಕೆಟ್’ ಎಂದು ಮುಖ ನೋಡಿ ಹೆಸರಿಟ್ಟ. ಗೇಲಿ ಅನಿಸಬಹುದು, ಆದರೆ ಒಮ್ಮೆ ನೋಡಿದವರಿಗೆ ಸಂಖ್ಯೆ ಮರೆತರೂ ಹೆಸರು ಮರೆಯುವುದಿಲ್ಲ. ಎಸ್‌-48ರ ಹಿಂಬದಿಯಲ್ಲಿ ಅಂಚಿನ ಹಲ್ಲುಗಳ ನಡುವೆ 94 ಪುಟ್ಟ ನಕ್ಷತ್ರಗಳಿವೆ, ಒಂದೊಂದಕ್ಕೂ ಐದು ಮೂಲೆ. ಸವಕಲು ನಾಣ್ಯದಲ್ಲಿ ಅಂಚೇ ಮೊದಲು ಹೋಗುವುದರಿಂದ ನಾಲ್ಕೈದು ನಕ್ಷತ್ರ ಉಳಿದರೂ ಪುಣ್ಯ. ಮಾರುವವನಿಗೆ ಗೊತ್ತಿಲ್ಲದೆ ಮಾಮೂಲಿ 1794ರ ಬೆಲೆಗೆ ಇದು ಕೈ ದಾಟುವ ಸಾಧ್ಯತೆ ಇಂದಿಗೂ ಇದೆ.

1801ರ ಎಸ್‌-219 ಇನ್ನೊಂದು ಒಳ್ಳೆಯ ಪಾಠ. ಒಂದೇ ಹಿಂಬದಿ ಅಚ್ಚಿನಲ್ಲಿ ಮೂರು ತಪ್ಪು. 1/100ರ ಬದಲು 1/000. ‘ಯುನೈಟೆಡ್’ನ ಮೊದಲಕ್ಷರದ ಜಾಗದಲ್ಲಿ ಎರಡು ‘ಐ’ ನಿಂತಂತಿದೆ. ಹಾರದ ಎಡ ತೊಟ್ಟು ಇಲ್ಲವೇ ಇಲ್ಲ. ಉಕ್ಕಿಗೂ ಕೆಲಸಗಾರರಿಗೂ ಬರಗಾಲವಿದ್ದ ಟಂಕಸಾಲೆಯಲ್ಲಿ ತಪ್ಪಾದ ಅಚ್ಚನ್ನು ಬಿಸಾಡುತ್ತಿರಲಿಲ್ಲ, ಒಡೆಯುವ ತನಕ ಒತ್ತುತ್ತಿದ್ದರು.

ತೂಕ ಮತ್ತು ಅಂಚು. 1793ರ ಆರಂಭದಿಂದ 1795ರವರೆಗೆ ಸೆಂಟಿನ ತೂಕ 208 ಗ್ರೇನ್, ಅಂದರೆ 13.48 ಗ್ರಾಂ. ತಾಮ್ರದ ಬೆಲೆ ಏರಿದ್ದರಿಂದ 1795ರ ಡಿಸೆಂಬರಿನಲ್ಲಿ ಅದನ್ನು 168 ಗ್ರೇನಿಗೆ, 10.89 ಗ್ರಾಂಗೆ, ಇಳಿಸಿದರು. ಅರ್ಧ ಸೆಂಟ್ ಇದರ ಸರಿಯಾಗಿ ಅರ್ಧ: ಮೊದಲು 6.74, ಆಮೇಲೆ 5.44. ಒತ್ತುವ ಮುಂಚಿನ ಖಾಲಿ ತಾಮ್ರದ ಬಿಲ್ಲೆ ದಪ್ಪಗಿದ್ದಾಗ ಹೆಚ್ಚಿನ ಸೆಂಟುಗಳ ಅಂಚಿನ ಮೇಲೆ ‘ಡಾಲರಿಗೆ ನೂರು’ ಎಂಬ ಅರ್ಥದ ಇಂಗ್ಲಿಷ್ ಬರಹವಿತ್ತು. ಅದನ್ನು ನಾಣ್ಯ ಒತ್ತುವ ಮುಂಚೆಯೇ ಎರಡು ಪಟ್ಟಿಗಳ ನಡುವೆ ಬಿಲ್ಲೆಯನ್ನು ಉರುಳಿಸಿ ಮೂಡಿಸುತ್ತಿದ್ದರು. ತೆಳು ಬಿಲ್ಲೆಗೆ ಅಷ್ಟು ಅಂಚಿಲ್ಲ, ಬರಹ ಬಿಟ್ಟರು. ಹಾಗಾಗಿ 1795ರ ಸೆಂಟ್‌ನಲ್ಲಿ ಎರಡು ಬಗೆಯೂ ಉಂಟು. ದರ್ಜೆ ಕೊಡುವ ಸಂಸ್ಥೆಗಳು ಮುಚ್ಚಿಕೊಡುವ ಪ್ಲಾಸ್ಟಿಕ್ ಡಬ್ಬಿಯೊಳಗಿನ ನಾಣ್ಯದ ಅಂಚು ಕಾಣದಿದ್ದರೆ ಅಂಚಿನ ಫೋಟೋ ಕೇಳಿ. ಅದಕ್ಕೆ ಸಂಕೋಚ ಬೇಡ. 1795ರ ಅರ್ಧ ಸೆಂಟ್‌ಗಳಲ್ಲಿ ಹಿನ್ನೆಲೆಯಲ್ಲಿ ಬೇರೆ ಅಕ್ಷರ, ಹಡಗಿನ ಚೂರು ಕಂಡರೆ ಗಾಬರಿಯಾಗಬೇಡಿ: ನ್ಯೂಯಾರ್ಕಿನ ಟ್ಯಾಲ್ಬಟ್, ಆಲಂ ಆ್ಯಂಡ್ ಲೀ ವ್ಯಾಪಾರಿಗಳ ಟೋಕನ್ನುಗಳನ್ನು ಸಗಟಾಗಿ ಕೊಂಡು, ಕತ್ತರಿಸಿ, ಬಿಲ್ಲೆ ಮಾಡಿಕೊಂಡಿದ್ದರು. ಬೇರೆ ನಾಣ್ಯದಲ್ಲಿ ದೋಷವಾಗುವುದು ಇಲ್ಲಿ ಅಸಲಿತನದ ಸಾಕ್ಷಿ.

ನಕಲಿಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಸೆಂಟ್‌ಗಳಲ್ಲಿ 1793, 1799, 1804 ದುಬಾರಿ ವರ್ಷಗಳು. 1798ರ ಕೊನೆಯ ಅಂಕಿಯನ್ನು ಕೆರೆದು 9 ಮಾಡುವುದು ನೂರೈವತ್ತು ವರ್ಷದ ಹಳೆಯ ಕಸುಬು. ಇಲ್ಲಿ ಅಚ್ಚು ಕೈಹಿಡಿಯುತ್ತದೆ: 1799ಕ್ಕೆ ಇರುವುದು ಎಸ್‌-188, ಎಸ್‌-189 ಎಂಬ ಎರಡೇ ಜೋಡಿ, ಹಿಂಬದಿ ಹೊಂದದಿದ್ದರೆ ಮುಂಬದಿ ನೋಡುವ ಕೆಲಸವೇ ಇಲ್ಲ. 1804ಕ್ಕೆ ಒಂದೇ ಜೋಡಿ, ಎಸ್‌-266. ಅಸಲಿಯಲ್ಲಿ ಇಸವಿಯ ಸೊನ್ನೆಗೆ ನೇರವಾಗಿ, ಹಿಂಬದಿಯಲ್ಲಿ ‘ಆಫ್’ ಪದದ ‘ಓ’ ಬರುತ್ತದೆ. ಜೊತೆಗೆ ಒಂದು ಖಾಸಗಿ ಮರುಮುದ್ರಣವೂ ಇದೆ. ಟಂಕಸಾಲೆ ಗುಜರಿಗೆ ಹಾಕಿದ್ದ ತುಕ್ಕು ಹಿಡಿದ 1803ರ ಅಚ್ಚನ್ನು ತಿದ್ದಿ 1804 ಮಾಡಿ, 1820ರ ಸೆಂಟಿನ ಹಿಂಬದಿ ಜೋಡಿಸಿ, 1860ರ ಸುಮಾರಿಗೆ ಒತ್ತಿದ್ದು. ಅದರಲ್ಲಿ 1/100 ಇಲ್ಲವೇ ಇಲ್ಲ. ಭಿನ್ನರಾಶಿ ಸೆಂಟಿನ ಮೇಲಿದ್ದದ್ದು 1807ರವರೆಗೆ, 1804ರ ಅಸಲಿಯಲ್ಲಿ ಇರಲೇಬೇಕು. 1815 ಎಂಬ ಇಸವಿಯ ಸೆಂಟನ್ನು ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಬ್ರಿಟನ್ನಿನ ಜೊತೆ ಯುದ್ಧ ಬಿದ್ದು ಬಿಲ್ಲೆ ಬರುವುದು ನಿಂತಿತ್ತು; ಆ ಇಸವಿಯ ಸೆಂಟ್ ಇಲ್ಲ. ಇರುವುದೆಲ್ಲ 1813ನ್ನೋ 1845ನ್ನೋ ತಿದ್ದಿದ್ದು.

ವಿದ್ಯುತ್ತಿನಿಂದ ತಾಮ್ರ ಕೂರಿಸಿ ನಾಣ್ಯದ ಪಡಿಯಚ್ಚು ತೆಗೆದ 19ನೆಯ ಶತಮಾನದ ಎಲೆಕ್ಟ್ರೋಟೈಪ್‌ಗಳು ಎರಡು ತೆಳು ತಾಮ್ರದ ಸಿಪ್ಪೆಗಳ ನಡುವೆ ಸೀಸ ತುಂಬಿದವು. ಅಂಚಿನ ಸುತ್ತ ಬೆಸುಗೆಯ ಗೆರೆ ಇರುತ್ತದೆ, ತಟ್ಟಿದರೆ ದಡ್ಡ ಸದ್ದು. ಮರಳಿನ ಎರಕದ್ದಾದರೆ ಮೈತುಂಬ ಸೂಜಿಮೊನೆಯ ಗುಳಿ. ಇವೆರಡಕ್ಕೂ ಮನೆಯಲ್ಲೇ ಪರೀಕ್ಷೆ ಇದೆ. ಅಕ್ಕಸಾಲಿಗರು ಬಳಸುವ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಮೊದಲು ಒಣ ತೂಕ ಬರೆದುಕೊಳ್ಳಿ. ತಕ್ಕಡಿಯ ಮೇಲೆ ಅರ್ಧ ಲೋಟ ಡಿಸ್ಟಿಲ್ಡ್ ವಾಟರ್ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೈಲಾನ್ ದಾರದ ಕುಣಿಕೆಯಲ್ಲಿ ಕೂರಿಸಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕ 10.60, ಇದು 1.19 ಬಂದರೆ ಭಾಗಿಸಿ: 8.91. ಈ ಸಾಂದ್ರತೆ ತಾಮ್ರಕ್ಕೆ ಸರಿ. ಎಂಟೂವರೆಯ ಆಸುಪಾಸು ಬಂದರೆ ಹಿತ್ತಾಳೆಯ ಅನುಮಾನ, ಒಂಬತ್ತನ್ನು ಚೆನ್ನಾಗಿ ದಾಟಿದರೆ ಒಳಗೆ ಸೀಸ. 0.1 ಗ್ರಾಂನ ಅಡುಗೆಮನೆ ತಕ್ಕಡಿ ಇದಕ್ಕೆ ಆಗದು, 1.1 ಮತ್ತು 1.2ರ ನಡುವೆ ಉತ್ತರ 9.6ರಿಂದ 8.8ಕ್ಕೆ ಜಿಗಿಯುತ್ತದೆ. ಗುಳಿಬಿದ್ದ ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ, ಒಮ್ಮೆ ಮೆಲ್ಲಗೆ ಅಲುಗಿಸಿ ಮತ್ತೆ ನೋಡಿ. ಮುಗಿದ ಮೇಲೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆದರೆ ತೇವ ಉಳಿಯದು.

ಆದರೆ ಈಚಿನ ನಕಲಿಗಳು ತಾಮ್ರದಲ್ಲೇ, ಅಚ್ಚು ಒತ್ತಿಯೇ ಮಾಡಿದವು. ತಕ್ಕಡಿಯ ಪರೀಕ್ಷೆಯಲ್ಲಿ ಆರಾಮವಾಗಿ ಪಾಸಾಗುತ್ತವೆ. ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆದಿರುತ್ತಾರೆ, ಹಾಗಾಗಿ ಆ ಅಸಲಿಗೆ ಬಿದ್ದಿದ್ದ ಪೆಟ್ಟು, ಗೀರು ಎಲ್ಲ ನಕಲಿನಲ್ಲೂ ಅದೇ ಜಾಗದಲ್ಲಿ ಬರುತ್ತದೆ. ಚಲಾವಣೆಯಲ್ಲಿ ಬಿದ್ದ ಪೆಟ್ಟು ಎರಡು ನಾಣ್ಯಗಳಲ್ಲಿ ಒಂದೇ ಥರ ಇರಲು ಸಾಧ್ಯವಿಲ್ಲ. ಕೊಳ್ಳುವ ಮುಂಚೆ ಅದೇ ಅಚ್ಚಿನ ಬೇರೆ ನಾಣ್ಯಗಳ ಫೋಟೋ ಹತ್ತಾದರೂ ತೆರೆದಿಟ್ಟು ಗೀರುಗಳನ್ನು ಹೋಲಿಸಿ. ಹಳೆಯ ಫೋಟೋಗಳಿಗೆ ಇನ್ನೂ ಒಂದು ಉಪಯೋಗವಿದೆ. ಸಂಖ್ಯೆ ಕೊಟ್ಟ ಶೆಲ್ಡನ್ನೇ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ನೂರಕ್ಕೂ ಹೆಚ್ಚು ಸೆಂಟ್‌ಗಳನ್ನು ಎತ್ತಿ, ಆ ಜಾಗದಲ್ಲಿ ಕೆಳದರ್ಜೆಯವನ್ನು ಇಟ್ಟಿದ್ದು ಅಂಥ ಫೋಟೋಗಳ ಹೋಲಿಕೆಯಿಂದಲೇ ಬಯಲಾಯಿತು.

ದರ್ಜೆಯ ಬಗ್ಗೆ ಒಂದೇ ಮಾತು. 1ರಿಂದ 70ರ ಅಂಕಿಪದ್ಧತಿ ಹುಟ್ಟಿದ್ದು ಈ ಸೆಂಟ್‌ಗಳಿಗಾಗಿಯೇ. 1967ರಲ್ಲಿ ಆರಂಭವಾದ ಅರ್ಲಿ ಅಮೆರಿಕನ್ ಕಾಪರ್ಸ್ ಕ್ಲಬ್ಬಿನ ಸದಸ್ಯರು ಮೊದಲು ಸವಕಳಿ ನೋಡಿ ಅಂಕಿ ಕೊಟ್ಟು, ಆಮೇಲೆ ಗುಳಿ, ಗೀರು, ಬಣ್ಣಕ್ಕೆ ಅಂಕ ಕಳೆಯುತ್ತಾರೆ. ಡಬ್ಬಿಯ ಮೇಲೆ 30 ಎಂದಿರುವುದು ಅವರ ಲೆಕ್ಕದಲ್ಲಿ 20 ಆಗುವುದು ಮಾಮೂಲು. ಕೊಡುವಾಗ ಯಾವ ಲೆಕ್ಕ, ಕೊಳ್ಳುವಾಗ ಯಾವ ಲೆಕ್ಕ ಎಂದು ಕೇಳಿಕೊಳ್ಳಿ.

ಈಗ ಹುಣಸೆಹಣ್ಣಿನ ವಿಷಯ. ತಾಮ್ರ ಕಪ್ಪಾದದ್ದು ಕಂಡರೆ ನಮ್ಮ ಮನೆಗಳಲ್ಲಿ ಕೈ ತಾನಾಗಿ ಹುಣಸೆ, ಉಪ್ಪಿನ ಕಡೆ ಹೋಗುತ್ತದೆ. ಚೊಂಬಿಗೆ ಅದು ಸರಿ. ನಾಣ್ಯಕ್ಕೆ ಅದು ಮರಣಶಾಸನ. ಕಂದು ಬಣ್ಣ ಎಂದರೆ ಇನ್ನೂರು ವರ್ಷದಲ್ಲಿ ತಾಮ್ರದ ಮೇಲೆ ಕಟ್ಟಿದ ಆಕ್ಸೈಡಿನ ಚರ್ಮ. ಹುಳಿ ಅದನ್ನು ಒಂದೇ ನಿಮಿಷದಲ್ಲಿ ಕರಗಿಸಿ ಗುಲಾಬಿ ಮಾಂಸ ತೋರಿಸುತ್ತದೆ. ಉಪ್ಪು ಗುಳಿಗಳೊಳಗೆ ಉಳಿದು ಮುಂದಿನ ಮಳೆಗಾಲಕ್ಕೆ ಹಸಿರು ಪುಡಿಯಾಗಿ ಏಳುತ್ತದೆ. ಗಂಧಕದಿಂದ ಮತ್ತೆ ಕಪ್ಪು ಬಣ್ಣ ಕಟ್ಟಿಸಿದರೂ ಪಳಗಿದ ಕಣ್ಣಿಗೆ ಆ ಸಪಾಟು ಬಣ್ಣ ಗೊತ್ತಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಬೆಳ್ಳಿಗೆ ಬಳಸುವ ಡಿಪ್ ದ್ರಾವಣಕ್ಕೂ ಇದೇ ಮಾತು.

ಮಾಡಬಹುದಾದದ್ದು ಇಷ್ಟು: ಮೇಣ, ಕೊಳೆ ಅಂಟಿದ್ದರೆ ಮುಚ್ಚಳವಿರುವ ಗಾಜಿನ ಬಟ್ಟಲಲ್ಲಿ ಕ್ಸೈಲೀನ್ ಎಂಬ ದ್ರಾವಕ ಹಾಕಿ ಒಂದು ರಾತ್ರಿ ಬಿಡಿ. ಪ್ಲಾಸ್ಟಿಕ್ ಬಟ್ಟಲು ಬೇಡ, ಅದೂ ಕರಗಿ ನಾಣ್ಯಕ್ಕೇ ಅಂಟುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ. ಕಿಲುಬು ಮೆತ್ತಗಾಗಿದ್ದರೆ ಗುಲಾಬಿ ಮುಳ್ಳಿನ ಮೊನೆಯಿಂದ ಭೂತಗನ್ನಡಿಯಡಿ ಒಂದೊಂದೇ ಚುಕ್ಕೆ ಎಬ್ಬಿಸಿ. ಲೋಹದ ಸೂಜಿ ತಾಮ್ರವನ್ನು ಗೀರುತ್ತದೆ, ಮುಳ್ಳು ಗೀರುವುದಿಲ್ಲ. ಕಿಲುಬಿನಡಿ ತಾಮ್ರ ತಿಂದುಹೋಗಿದ್ದರೆ ಅಲ್ಲಿ ಗುಳಿಯೇ ಸಿಗುವುದು, ಹಾಗಿದ್ದಲ್ಲಿ ಮುಟ್ಟದೆ ಬಿಡುವುದು ಮೇಲು. ಆರಿದ ಬಳಿಕ ಒಂಟೆಕೂದಲಿನಂಥ ಮೆತ್ತನೆಯ ಕುಂಚದಿಂದ ಹಗುರಾಗಿ ಸವರಿ. ಪಿವಿಸಿ ಹಾಳೆಯ ಹಸಿರು ಜಿಡ್ಡಿಗೆ ಅಸಿಟೋನ್ ಸಾಕು. ಉಗುರುಬಣ್ಣ ತೆಗೆಯುವ ದ್ರವ ಅಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ. ಇಡುವುದಕ್ಕೆ ಹತ್ತಿಬಟ್ಟೆಯ ಪುಟ್ಟ ಚೀಲ, ಅದರ ಮೇಲೆ ಆಮ್ಲವಿಲ್ಲದ ಕಾಗದದ ಲಕೋಟೆ, ಬಿಗಿ ಡಬ್ಬಿ, ಸಿಲಿಕಾ ಜೆಲ್. ಕರಾವಳಿಯ ಮಳೆಗಾಲದಲ್ಲಿ ಜೆಲ್ ಬೇಗ ತಣಿಯುತ್ತದೆ, ಬಣ್ಣ ತಿರುಗಿದೊಡನೆ ಬದಲಿಸಿ. ರಬ್ಬರ್ ಬ್ಯಾಂಡ್ ಹತ್ತಿರವೂ ಸುಳಿಯಬಾರದು, ಅದರ ಗಂಧಕ ತಾಮ್ರದ ಮೇಲೆ ಕಪ್ಪು ಪಟ್ಟೆ ಬರೆಯುತ್ತದೆ.

ಹೊಸಬರು 1793ರ ಹಿಂದೆ ಬೀಳುವುದಕ್ಕಿಂತ 1840–57ರ ಗೋಬ್ರೆಕ್ಟ್ ಸೆಂಟ್ ಹಿಡಿಯುವುದು ಒಳ್ಳೆಯದು; ಸವಕಲು ಸಾಮಾನ್ಯ ಇಸವಿಗಳು ಕೆಲವು ಹತ್ತು ಡಾಲರಿಗೆ ಸಿಗುತ್ತವೆ. ಕೆಂಪು ಹೊಳಪು ಉಳಿದಿರುವುದು ಬೇಕೆಂದರೆ 1816–20 ನೋಡಿ. ಜಾರ್ಜಿಯಾದಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನಡಿ ಸಿಕ್ಕಿದ ಪೀಪಾಯಿಯ ನಿಧಿ, ರ್‍ಯಾಂಡಲ್ ಹೋರ್ಡ್, ಆ ವರ್ಷಗಳನ್ನು ಅಗ್ಗ ಮಾಡಿದೆ. 1808–14ರ ರೈಖ್ ಸೆಂಟ್‌ಗಳಲ್ಲಿ ತಾಮ್ರ ಮೆದು, ಬೇಗ ಸವೆದು ಕಪ್ಪಾದವು. ನುಣುಪು ಮೈ ಹುಡುಕಿಕೊಂಡು ಹೊರಟರೆ ತಾಳ್ಮೆ ಬೇಕು.

ನಮ್ಮ ಕಡೆಗೂ ಒಂದು ನಂಟಿದೆ. 1790ರ ದಶಕದ ಕೊನೆಯಿಂದ ಫಿಲಡೆಲ್ಫಿಯಾಕ್ಕೆ ಒಳ್ಳೆಯ ಬಿಲ್ಲೆ ಹೋಗುತ್ತಿದ್ದದ್ದು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್‌ನ ಕಾರ್ಖಾನೆಯಿಂದ. ಮದ್ರಾಸ್ ಪ್ರಾಂತ್ಯಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ 1803 ಮತ್ತು 1808ರಲ್ಲಿ ತರಿಸಿದ ‘ಕ್ಯಾಶ್’ ತಾಮ್ರದ ನಾಣ್ಯಗಳನ್ನು ಒತ್ತಿದ್ದೂ ಅದೇ ಬೋಲ್ಟನ್‌ನ ಸೋಹೋ ಟಂಕಸಾಲೆ. ಬಳ್ಳಾರಿ, ಮಂಗಳೂರು ಆಗ ಮದ್ರಾಸಿಗೆ ಸೇರಿದ್ದವು. ಸೋಹೋದ 20 ಕ್ಯಾಶನ್ನು 1802ರ ಸೆಂಟಿನ ಪಕ್ಕ ಇಟ್ಟು ನೋಡಿ: ಹಬೆಯಂತ್ರದಲ್ಲಿ ಒತ್ತಿದ ನಾಣ್ಯದ ಅಕ್ಷರಗಳು ಸಾಲು ತಪ್ಪುವುದಿಲ್ಲ, ಕೈಯಿಂದ ತಿರುಗಿಸುವ ತಿರುಪು ಯಂತ್ರದಲ್ಲಿ ಒತ್ತಿದ ಸೆಂಟಿನಲ್ಲಿ ಒಂದು ಪಕ್ಕ ಆಳ, ಒಂದು ಪಕ್ಕ ತೇಲಿ.

ಕೊನೆಯದಾಗಿ ತಮ್ಮಲ್ಲಿ ಒಂದು ಕೋರಿಕೆ. 1793ರ ಸೆಂಟಿನ ಚಿತ್ರವನ್ನು ಮುಂದೆ ಎಂದಾದರೂ ಹಾಕುವುದಾದರೆ ಸರಪಳಿ ಇರುವ ಹಿಂಬದಿಯನ್ನೇ ಹಾಕಿ. ಅಡಿಯಲ್ಲಿ ‘ಹೆನ್ರಿ ವೋಯ್ಟ್ ಕೆತ್ತಿದ್ದೆಂದು ನಂಬಲಾದ ಅಚ್ಚು’ ಎಂದಿರಲಿ. ‘ಅಮೆರಿ’ಯ ಪಕ್ಕದ ಚುಕ್ಕೆ ಕಾಣುವಷ್ಟು ದೊಡ್ಡದಾಗಿ ಹಾಕಿದರೆ ಇನ್ನೂ ಸಂತೋಷ.

ಇತಿ,
ಓರ್ವ ಓದುಗ, ಬಳ್ಳಾರಿ